ಬೆಳೆ ಕೈಕೊಟ್ಟ ವರ್ಷದ ಬೆಳೆ ಹಬ್ಬ

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಬೆಳೆ ಹಬ್ಬಕ್ಕೆ ಇನ್ನು ಮೂರು ವಾರ ಇದೆ. ಈ ವರ್ಷ ಮಳೆ ಬಿಡಲೇ ಇಲ್ಲ. ಎರಡೆರಡು ಸಲ ಮೈಲುತುತ್ತು ಸುಣ್ಣ ಹೊಡೆದರೂ ಅಡಿಕೆಗೆ ಕೊಳೆರೋಗ ಬಂತು, ಎಳೆಕಾಯಿಗಳೆಲ್ಲ ಮರದ ಬುಡದಲ್ಲಿ ಬಿದ್ದು ಕೊಳೆತವು. ಎಲೆಚುಕ್ಕಿ ರೋಗ ಬೇರೆ. ಹೋದ ಭಾನುವಾರ ಆರಾಧನೆ ಮುಗಿಸಿ ಹೊರಗೆ ನಿಂತಿದ್ದಾಗ ನಮ್ಮ ಹಿರಿಯರೊಬ್ಬರು, "ಈ ಸಲ ಎಂತ ತರುವುದು ಮಾರಾಯ್ರೆ, ಸ್ತೋತ್ರ ಹೇಳಲಿಕ್ಕೆ ಬಾಯಿಯೇ ಬರುವುದಿಲ್ಲ" ಅಂದರು. ಸ್ತೋತ್ರ ಅಂದರೆ ನಮ್ಮಲ್ಲಿ ದೇವರಿಗೆ ಕೃತಜ್ಞತೆ ಹೇಳುವುದು. ನನಗೆ ಆ ಮಾತು ಇನ್ನೂ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳೆ ಹಬ್ಬ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಮಿಶನರಿಗಳು ಕಟ್ಟಿದ ಕರಾವಳಿಯ ಹಳೆಯ ಬಾಸೆಲ್ ಮಿಶನ್ ಸಭೆಗಳಲ್ಲಿ, ಅಂದರೆ ಈಗಿನ ಚರ್ಚ್ ಆಫ್ ಸೌತ್ ಇಂಡಿಯಾ ಅಥವಾ ಸಿಎಸ್‌ಐ ಸಭೆಗಳಲ್ಲಿ, ಬೆಳೆದದ್ದರಲ್ಲಿ ಒಂದು ಪಾಲನ್ನು ಆ ದಿನ ದೇವರ ಮುಂದೆ ತಂದು ಇಡುತ್ತೇವೆ. ಬಾಳೆಗೊನೆ, ಸೌತೆಕಾಯಿ, ತೆಂಗಿನಕಾಯಿ, ಊರ ಕೋಳಿ, ಮನೆಯಲ್ಲೇ ಮಾಡಿದ ಕೇಕ್. ಆಮೇಲೆ ಅಂಗಳದಲ್ಲಿ ಏಲಂ. ಒಂದು ಸೌತೆಕಾಯಿ ಸಾವಿರ ರೂಪಾಯಿಗೆ ಹೋಗುತ್ತದೆ, ತೆಗೆದುಕೊಂಡವರು ಅದನ್ನೇ ತಿರುಗಿ ಏಲಂಗೆ ಇಡುತ್ತಾರೆ. ನನಗೆ ವರ್ಷದಲ್ಲಿ ಅತಿ ಇಷ್ಟದ ದಿನ ಅದು, ಕ್ರಿಸ್ಮಸ್‌ಗಿಂತಲೂ.

ಆದರೆ 2021ರ ಹಬ್ಬ ನನಗೆ ಮರೆಯುವುದಿಲ್ಲ. ಕೊರೊನಾ ಎರಡನೇ ಅಲೆಯಲ್ಲಿ ನಮ್ಮ ಚಿಕ್ಕ ಸಭೆಯಿಂದಲೇ ಮೂರು ಜನ ತೀರಿಹೋಗಿದ್ದರು. ಆ ವರ್ಷ ಒಂದೊಂದು ಮನೆಯವರೂ ಮೈಕ್ ಹತ್ತಿರ ಬಂದು ಒಂದೊಂದು ಸ್ತೋತ್ರದ ಸಾಕ್ಷಿ ಹೇಳಬೇಕು ಅಂತ ತೀರ್ಮಾನವಾಯಿತು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ನಾವು ಅಕ್ಕ ಅಂತ ಕರೆಯುವ ಒಬ್ಬರು ಮೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡಿದ್ದರು. ಅವರ ಸರದಿ ಬಂತು. ಮೈಕ್ ಹಿಡಿದು ನಿಂತರು, ಏನೂ ಹೇಳಲಿಲ್ಲ, ಮೈಕ್ ವಾಪಸ್ ಕೊಟ್ಟು ಕೂತರು. ಹೊರಗೆ ಬಂದ ಮೇಲೆ ಯಾರೋ ಅವರಿಗೆ, "ಎಲ್ಲ ದೇವರ ಚಿತ್ತ, ಏನಾದರೂ ಸ್ತೋತ್ರ ಹೇಳಬೇಕಿತ್ತು" ಅಂದರು. ನಾನು ಪಕ್ಕದಲ್ಲೇ ಇದ್ದೆ, ಸುಮ್ನೆ ಇದ್ದುಬಿಟ್ಟೆ. ನಾಲ್ಕು ತಿಂಗಳು ಅಕ್ಕ ಆರಾಧನೆಗೆ ಬರಲಿಲ್ಲ.

ಅಳುವವರ ಬಾಯಿಂದ ಸ್ತೋತ್ರ ಹೊರಡಿಸುವುದು ಭಕ್ತಿ ಅಂತ ನಾನು ಒಪ್ಪುವುದಿಲ್ಲ. ನಮ್ಮ ಬೈಬಲೂ ಹಾಗೆ ಕೇಳುವುದಿಲ್ಲ. ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಓದಿ ನೋಡಿ. ಮೊದಲ ಬೆಳೆಯ ಪುಟ್ಟಿ ಹೊತ್ತು ಯಾಜಕನ ಮುಂದೆ ಬಂದವನು ಮೊದಲು ಏನು ಹೇಳಬೇಕು? ಬೆಳೆ ಚೆನ್ನಾಗಿ ಬಂತು ಅಂತ ಅಲ್ಲ. ನನ್ನ ಪೂರ್ವಜ ನೆಲೆಯಿಲ್ಲದೆ ಅಲೆಯುತ್ತಿದ್ದ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋದ, ಅಲ್ಲಿ ನಮ್ಮನ್ನು ಹಿಂಸೆ ಮಾಡಿದರು, ನಾವು ಕೂಗಿಕೊಂಡೆವು, ದೇವರು ಕೇಳಿದ. ಇಷ್ಟೆಲ್ಲ ಹೇಳಿದ ಮೇಲೆ ಪುಟ್ಟಿಯ ಮಾತು. ಕಷ್ಟದ ಕಥೆಯನ್ನು ಬಾಯಿಬಿಟ್ಟು ಹೇಳುವುದೇ ಅಲ್ಲಿ ಕೃತಜ್ಞತೆಯ ಮೊದಲ ಭಾಗ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ನಾವು ಕೇಳುವುದೂ ಇದನ್ನೇ ಅಲ್ವಾ? ತನ್ನನ್ನು ಶತ್ರುಗಳಿಗೆ ಹಿಡಿದುಕೊಟ್ಟ ರಾತ್ರಿಯಲ್ಲೇ ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದ್ದು. ಆ ರಾತ್ರಿ ಎಂಥದು ಅನ್ನುವುದನ್ನು ಬಿಟ್ಟು ನಾವು ಒಮ್ಮೆಯೂ ಆ ಮಾತು ಓದುವುದಿಲ್ಲ.

ನಮಗೂ ಅಂಥ ಕಥೆ ಇದೆ, ಹೇಳುವುದಿಲ್ಲ ಅಷ್ಟೇ. 1834ರಲ್ಲಿ ಮಿಶನ್ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಎಷ್ಟೋ ಜನ ಮನೆ, ಕುಲ, ಕಸುಬು ಎಲ್ಲದರಿಂದ ಹೊರಬಿದ್ದರು. ಹಂಚಿನ ಕಾರ್ಖಾನೆ, ನೇಯ್ಗೆ ಶುರುವಾದದ್ದರ ಹಿಂದೆ ಅವರ ಹೊಟ್ಟೆಪಾಡಿನ ಪ್ರಶ್ನೆ ಇತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹಿಡಿದು ಶಿಬಿರಗಳಲ್ಲಿಟ್ಟರು, ಮುಂದೆ ಕಾರ್ಖಾನೆಗಳೂ ಮಿಶನ್ ಕೈತಪ್ಪಿದವು. ಸಭೆ ನಡೆಸುವ ಭಾರ ಊರಿನವರ ಹೆಗಲಿಗೆ ಬಿತ್ತು, ಅವರು ಹೊತ್ತರು, ಅದಕ್ಕೇ ಇವತ್ತು ನಾವು ಆ ಬೆಂಚುಗಳಲ್ಲಿ ಕೂತಿದ್ದೇವೆ. ಬೆಳೆ ಹಬ್ಬದ ದಿನ ಪ್ರಸಂಗಕ್ಕೆ (ಬೋಧನೆಗೆ) ಮೊದಲು ಯಾರಾದರೂ ಎದ್ದು ನಿಂತು ಇದನ್ನು ಓದಬೇಕು ಅಂತ ನನ್ನ ಆಸೆ. ಆಮೇಲೆ ಈ ವರ್ಷ ತೀರಿಹೋದವರ ಹೆಸರು, ಕೆಲಸ ಹೋದವರ ಮಾತು, ಕೊಳೆತ ಅಡಿಕೆಯ ಮಾತು. ಮುಚ್ಚಿಡುವುದಕ್ಕೆ ಏನಿದೆ?

ಇನ್ನೊಂದು ಮಾತು, ದುಡ್ಡಿನದು. ಏಲಂನ ಹಣ ನಮ್ಮಲ್ಲಿ ಜಾಸ್ತಿ ಕಟ್ಟಡಕ್ಕೇ ಹೋಗುತ್ತದೆ. ಕಟ್ಟಡ ಬೇಕು, ಮಾಡು ಸೋರಿದರೆ ಕಷ್ಟ, ನಿಜ. ಆದರೆ ಧರ್ಮೋಪದೇಶಕಾಂಡದ ಅದೇ ಅಧ್ಯಾಯದಲ್ಲಿ ಪರದೇಶಿಯನ್ನು ಜೊತೆಗೆ ಕೂರಿಸಿಕೊಂಡು ಸಂತೋಷಪಡಿ ಅಂತಿದೆ, ವಿಧವೆಗೂ ತಬ್ಬಲಿಗೂ ಪಾಲು ಕೊಡಿ ಅಂತಿದೆ. ತೋಟ ಹೋದ ಮನೆಯ ಮಗುವಿನ ಫೀಸು ಕಟ್ಟದೆ ಗೋಡೆಗೆ ಬಣ್ಣ ಹೊಡೆದು ಸ್ತೋತ್ರ ಹಾಡಿದರೆ ನನಗಂತೂ ಆ ಹಾಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ವರ್ಷದ ಹಣ ಪೂರ್ತಿ ಕಷ್ಟದಲ್ಲಿರುವ ಮನೆಗಳಿಗೆ ಹೋಗಲಿ ಅಂತ ಸಮಿತಿಗೆ ಬರೆದು ಕೊಟ್ಟಿದ್ದೇನೆ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ನೋಡೋಣ ಅಂದಿದ್ದಾರೆ.

2022ರ ಹಬ್ಬದಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಅಷ್ಟರಲ್ಲಿ ಅಕ್ಕ ಆರಾಧನೆಗೆ ಬರಲು ಶುರುಮಾಡಿದ್ದರು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಹಾಡುತ್ತಿರಲಿಲ್ಲ. ಕಾಣಿಕೆ ತರುವ ಹೊತ್ತಿಗೆ ಅವರ ನೆರೆಮನೆಯ ಅಜ್ಜಿ ಎರಡು ತೆಂಗಿನಕಾಯಿ ಹಿಡಿದು ನಿಧಾನಕ್ಕೆ ನಡೆದು ಬಂದರು. ಮಂಡಿನೋವು ಅವರಿಗೆ. ಒಂದು ಸಾಕಿತ್ತಲ್ಲ ಅಜ್ಜಿ ಅಂತ ಯಾರೋ ಕೇಳಿದ್ದಕ್ಕೆ, "ಒಂದು ನನ್ನದು, ಒಂದು ಅವಳದ್ದು. ಅವಳಿಗೆ ಬಾಯಿ ಬರುವವರೆಗೆ ಅವಳದ್ದೂ ನಾನೇ ತರ್ತೇನೆ" ಅಂದರು.

ಮೇರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬದಲ್ಲಿ ನಮ್ಮ ಕಥೋಲಿಕ ನೆರೆಯವರು ಹೊಸ ತೆನೆಯ ಕಾಳನ್ನು ದೂರದೂರಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಳಿಸುವುದನ್ನು ನೋಡಿದ್ದೇನೆ. ಮೇಜಿಗೆ ಬರಲಾಗದವರ ಪಾಲು ತಪ್ಪಬಾರದು ಅಂತ. ಅಜ್ಜಿ ಮಾಡಿದ್ದೂ ಅದೇ ಜಾತಿಯ ಕೆಲಸ. ಒಬ್ಬಳೇ ಮನೆಯಲ್ಲಿ ಕೂತರೆ ನನ್ನಿಂದಲೂ ಎಷ್ಟೋ ದಿನ ಸ್ತೋತ್ರ ಹೇಳಲಾಗುವುದಿಲ್ಲ. ಸಭೆ ಇರುವುದು ಅಂಥ ದಿನಕ್ಕೆ, ಇವತ್ತು ಆಗುವವರು ಆಗದವರ ಪಾಲನ್ನೂ ಹೊರುವುದಕ್ಕೆ.

ನಮ್ಮ ಹಿತ್ತಲಲ್ಲಿ ಒಂದು ಕದಳಿ ಗೊನೆ ಬಲಿತಿದೆ. ನಿನ್ನೆ ಸಂಜೆ ಆ ಹಿರಿಯರಿಗೆ ಫೋನ್ ಮಾಡಿ, ಅರ್ಧ ನಿಮ್ಮ ಮನೆಯ ಹೆಸರಲ್ಲಿ ತರ್ತೇನೆ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಆಯ್ತು, ಏಲಂ ಕೂಗಲಿಕ್ಕೆ ನಾನು ಬರ್ತೇನೆ" ಅಂದರು.