ತಲೆಗೊಂದು ಬ್ಯಾಟರಿ, ಬುದ್ಧಿಗೆ 20 ನಿಮಿಷ

ಮಿದುಳಿಗೆ ಕರೆಂಟು ಕೊಟ್ಟು ನೋಡುವ ಮನೋವಿಜ್ಞಾನಿಗಳಿಗೆ ವ್ಯಾಪಾರವೇ ಗೊತ್ತಿಲ್ಲ. ಪಾರ್ಶ್ವವಾಯು ಹೊಡೆದವರಿಗೆ ಮಾತು ಮರಳೀತೇ, ಮರೆವು ಶುರುವಾದವರಿಗೆ ನೆನಪು ಚೂರು ಚುರುಕಾದೀತೇ ಎಂದು ವರ್ಷಗಟ್ಟಲೆ ನೋಡುತ್ತಾರೆ. ಕೊನೆಗೆ ಬಾಯಿ ಬಿಟ್ಟರೆ, ಕೆಲವರಿಗೆ ಸ್ವಲ್ಪ ಉಪಯೋಗ ಆಗಿರಬಹುದು, ಇನ್ನೂ ನೋಡಬೇಕು ಅಂತಾರೆ. ಪಾಪ, ಇಂಥ ಮಾತಿಗೆ ಯಾರು ದುಡ್ಡು ಕೊಡುತ್ತಾರೆ?

ಉಪಕರಣವಂತೂ ಸರಳ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು, ತಲೆಗೆ ಕಟ್ಟಲು ಒಂದು ಪಟ್ಟಿ, ಒಂದೆರಡು ಮಿಲಿ ಆಂಪಿಯರ್ ಕರೆಂಟು, 20 ನಿಮಿಷ. ತಲೆಬುರುಡೆಯ ಹೊರಗಿಂದಲೇ ಮಿದುಳಿಗೆ ಸಣ್ಣ ಕರೆಂಟು ಹಾಯಿಸುವ ಈ ವಿಧಾನಕ್ಕೆ ಟಿಡಿಸಿಎಸ್ ಅಂತ ಹೆಸರು. ಇಷ್ಟು ಸಣ್ಣ ಕರೆಂಟಿಗೂ ಮಿದುಳು ಸ್ಪಂದಿಸುತ್ತದೆ ಎಂದು 2000ದಲ್ಲಿ ಜರ್ಮನಿಯ ಸಂಶೋಧಕರಾದ ನಿಟ್ಷೆ ಮತ್ತು ಪೌಲುಸ್ ತೋರಿಸಿದ ಮೇಲೆ ಲ್ಯಾಬುಗಳು ಇದರ ಹಿಂದೆ ಬಿದ್ದವು. ನಮ್ಮ ನಿಮ್ಹಾನ್ಸ್‌ನಲ್ಲೂ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರಿಗೆ ಯಾರೂ ಮಾತಾಡದಿದ್ದರೂ ಕೇಳಿಸುವ ಧ್ವನಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ.

ಅಷ್ಟರಲ್ಲಿ ಅಮೆರಿಕದ ಜಾಣರು ಲೆಕ್ಕ ಹಾಕಿದರು. ರೋಗಿಗೇ ಉಪಯೋಗ ಆಗುವುದಾದರೆ ಗಟ್ಟಿಮುಟ್ಟಾಗಿರುವ ನನಗೆ ಎಷ್ಟಾಗಬೇಡ! 9 ವೋಲ್ಟ್ ಬ್ಯಾಟರಿ ತಂದು ಮನೆಯಲ್ಲೇ ತಲೆಗೆ ಕಟ್ಟಿಕೊಂಡರು. (ಚಿಕ್ಕವರಿದ್ದಾಗ ನಾವೂ ಆ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿದವರೇ. ಆಗ ಅದನ್ನು ಯಾರೂ ಸಂಶೋಧನೆ ಅನ್ನಲಿಲ್ಲ, ಬೆನ್ನಿಗೆ ಗುದ್ದು ಬಿತ್ತು ಅಷ್ಟೇ.) ಬ್ಯಾಟರಿ ಕಟ್ಟಿಕೊಳ್ಳಲು ನಾಚಿಕೆಪಡುವವರಿಗಾಗಿ 2013ರಲ್ಲಿ ಫೋಕಸ್ ಎಂಬ ಹೆಡ್‌ಸೆಟ್ ಬಂತು. ವಿಡಿಯೋ ಗೇಮ್ ಆಡುವವರಿಗೆ, ಸುಮಾರು 250 ಡಾಲರಿಗೆ.

ಲ್ಯಾಬಿನವರದು ಇನ್ನೊಂದು ಕೆಟ್ಟ ಅಭ್ಯಾಸ. ಕೆಲವರಿಗೆ ಅರ್ಧ ನಿಮಿಷ ಕರೆಂಟು ಕೊಟ್ಟು ಗುಟ್ಟಾಗಿ ಆಫ್ ಮಾಡುತ್ತಾರೆ. ನೆತ್ತಿ ಚುರುಚುರು ಅಂದಿರುತ್ತದಲ್ಲ, ಎಷ್ಟೋ ಜನಕ್ಕೆ ಆಫ್ ಆದದ್ದೇ ತಿಳಿಯುವುದಿಲ್ಲ. ಅವರಿಗೂ ಚುರುಕಾದಂತೆ ಕಂಡರೆ, ಅದು ಕರೆಂಟಿನ ಮಹಿಮೆ ಅಲ್ಲ ಅಂತ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಈ ಕಾಟ ಇಲ್ಲ. ತಲೆ ಕೆರೆದರೆ ಬುದ್ಧಿ ಬಂತು ಅಂತಲೇ ಅರ್ಥ.

ಇನ್ನು ಈ ಕರೆಂಟು ಹೋಗುವುದಾದರೂ ಎಲ್ಲಿಗೆ? ನ್ಯೂಯಾರ್ಕಿನ ಮಿದುಳು ವಿಜ್ಞಾನಿ ಬುಜಾಕಿ ಮತ್ತು ಜೊತೆಗಾರರು ಹೆಣಗಳ ತಲೆಗೆ ಕರೆಂಟು ಕೊಟ್ಟು ಅಳೆದರು. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸುಮಾರು ಮುಕ್ಕಾಲು ಪಾಲು ಚರ್ಮ ಮತ್ತು ತಲೆಬುರುಡೆಯಲ್ಲೇ ಖರ್ಚು. ಸರ್ಕಾರದ ಅನುದಾನ ಹಳ್ಳಿಗೆ ಮುಟ್ಟುವ ಹಾಗೆ, ಉಳಿದದ್ದು ಒಳಗೆ ಮುಟ್ಟಿತು.

2016ರಲ್ಲಿ ಒಂದಷ್ಟು ಸಂಶೋಧಕರು ಸೇರಿ ಮನೆಯಲ್ಲಿ ಪ್ರಯೋಗ ಮಾಡುವವರಿಗೆ ಬಹಿರಂಗ ಪತ್ರ ಬರೆದರು. ಒಬ್ಬೊಬ್ಬರಿಗೆ ಒಂದೊಂದು ಥರ ಆಗಬಹುದು, ಪರಿಣಾಮ ಜಾಸ್ತಿ ದಿನ ಉಳಿಯಬಹುದು, ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಗಬಹುದು. ಮತ್ತೆ ಅದೇ 'ಬಹುದು'! ಹೆಡ್‌ಸೆಟ್ ಹಾಕಿಕೊಂಡವರು ಇಂಥದ್ದನ್ನೆಲ್ಲ ಓದುತ್ತಾರಾ?

ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಗಬಹುದು ಎಂಬ ಪತ್ರದ ಮಾತು ಸುಮ್ನೆ ಬರೆದದ್ದಲ್ಲ. ಆಕ್ಸ್‌ಫರ್ಡಿನವರು 2013ರಲ್ಲಿ ಕೆಲವರಿಗೆ ಅಂಕಿಗಳಿಗೆ ಬದಲಾಗಿ ಹೊಸ ಚಿಹ್ನೆಗಳನ್ನು ಕಲಿಸುತ್ತ ಕರೆಂಟು ಕೊಟ್ಟರು. ಮಿದುಳಿನ ಒಂದು ಜಾಗಕ್ಕೆ ಕೊಟ್ಟರೆ ಬೇಗ ಕಲಿತರು, ಆದರೆ ಕಲಿತದ್ದು ತಾನಾಗಿ ಹೊಳೆಯುವುದು ಕಮ್ಮಿಯಾಯಿತು. ಇನ್ನೊಂದು ಜಾಗಕ್ಕೆ ಕೊಟ್ಟರೆ ಪೂರ್ತಿ ಉಲ್ಟಾ. ವ್ಯಾಪಾರ ಗೊತ್ತಿದ್ದವರಾದರೆ ಇದನ್ನೇ ಜಾಹೀರಾತು ಮಾಡುತ್ತಿದ್ದರು: ಹಳೇ ಬುದ್ಧಿ ತನ್ನಿ, ಹೊಸದು ಒಯ್ಯಿರಿ, ಎಕ್ಸ್‌ಚೇಂಜ್ ಆಫರ್. ಹೆಡ್‌ಸೆಟ್ಟಿನ ಡಬ್ಬದ ಮೇಲೆ ಜಾಗ ಸಾಲಲಿಲ್ಲವೇನೋ.