ಮೊದಲು ರೊಟ್ಟಿ, ಆಮೇಲೆ ಮಾತು

ಆಪ್ತ ಸಲಹೆಗೆ ಬೈಬಲ್ ವಚನ ಇದ್ದರೆ ಸಾಕು, ಡಾಕ್ಟರ್ ಬೇಕಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ವಚನ ಬೇಕು, ಒಪ್ಪಿದೆ. ಡಾಕ್ಟರ್ ಬೇಡ ಅನ್ನೋದು ಸುತರಾಂ ಒಪ್ಪಲ್ಲ.

ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ ತೆಗೆದು ನೋಡಿ. ಪ್ರವಾದಿ ಎಲೀಯ ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದಾನೆ. ದೇವದೂತ ಉಪದೇಶ ಮಾಡಲಿಲ್ಲ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಇಲ್ಲೇನು ಮಾಡುತ್ತೀ ಅಂತ ದೇವರು ಕೇಳಿದ್ದು 40 ದಿನ ನಡೆದು ಬೆಟ್ಟ ಸೇರಿದ ಮೇಲೆ. ಮಕ್ಕಳು, ಆಸ್ತಿ ಎಲ್ಲ ಕಳಕೊಂಡ ಯೋಬನ ಗೆಳೆಯರೂ ಅವನ ಪಕ್ಕ ಏಳು ದಿನ ಸುಮ್ನೆ ಕೂತಿದ್ದಾಗ ಚೆನ್ನಾಗೇ ಇದ್ದರು, ಬಾಯಿ ಬಿಟ್ಟ ಮೇಲೆ ಕೆಟ್ಟಿತು, ಅಲ್ವಾ?

ಇಲ್ಲಿ ದಾವಣಗೆರೆಯಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ಅಮ್ಮನಿಗೆ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ‘ವಿಶ್ವಾಸ ಕಡಿಮೆ’ ಅಂದುಬಿಟ್ಟರು, ಸಾಲದ್ದಕ್ಕೆ ಬುಧವಾರದ ಕೂಟದಲ್ಲಿ ಹೆಸರು ಹಿಡಿದು ಪ್ರಾರ್ಥನೆ ಬೇರೆ. ಗುಟ್ಟು ರಟ್ಟು ಮಾಡೋದಕ್ಕೆ ಪ್ರಾರ್ಥನೆ ಅಂತ ಹೆಸರು! ಚಾಡಿಕೋರ ಗುಟ್ಟು ಬಯಲು ಮಾಡ್ತಾನೆ, ನಂಬಿಗಸ್ತ ಮುಚ್ಚಿಡ್ತಾನೆ ಅನ್ನೋ ಜ್ಞಾನೋಕ್ತಿ 11:13 ಅವರ ಕಣ್ಣಿಗೆ ಬಿದ್ದಿರಲಿಲ್ಲವೇನೋ. ಪಾಸ್ಟರ್ ಮಾತ್ರ ಬಂದು ಚಾಪೆ ಮೇಲೆ ಕೂತು, ಕೊಟ್ಟ ಚಹಾ ಆರಿ ಕೆನೆಗಟ್ಟುವ ತನಕ ಅಮ್ಮನ ಮಾತು ಕೇಳಿಸಿಕೊಂಡರು, ಮುರಿದ ಮನಸ್ಸಿನವರಿಗೆ ದೇವರು ಹತ್ತಿರ ಇದ್ದಾನೆ ಅನ್ನೋ ಕೀರ್ತನೆ 34:18 ಒಂದೇ ವಚನ ಓದಿದರು, ಮಾರನೇ ದಿನ ತಾವೇ ಜೊತೆಗೆ ಬಂದು ಮಾನಸಿಕ ವೈದ್ಯರಿಗೆ ತೋರಿಸಿದರು.

ಅಪೊಸ್ತಲ ಪೌಲ ಕೂಡ ತನ್ನ ಶಿಷ್ಯ ತಿಮೊಥೆಯನಿಗೆ, ಹೊಟ್ಟೆ ತೊಂದರೆಗೆ ಮದ್ದಿನ ಹಾಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತಲೇ ಬರೆದ. ಆ ವಚನದ ಮೇಲೆ ನಮ್ಮಲ್ಲಿ ಯಾರೂ ಪ್ರಸಂಗ ಮಾಡಲ್ಲ ಬಿಡಿ.