ಇಫ್ತಾರಿಗೆ ಎತ್ತಿಟ್ಟ ಯುಗಾದಿ ಹೋಳಿಗೆ

2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂತು. ರಂಜಾನ್ ಉಪವಾಸ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾನು ಎಲ್ಲಮ್ಮನ ಪಟಕ್ಕೆ ದೀಪ ಹಚ್ಚಿ, ಬೇವು-ಬೆಲ್ಲ ಹಂಚಿದೆ. ರೋಜಾ ಹಿಡಿದಿದ್ದ ನನ್ನ ಗುರು, ನಾವೆಲ್ಲರೂ ಅಮ್ಮ ಎಂದೇ ಕರೆಯುವ ಹಿರಿಯ ಹಿಜ್ರಾ, ಬಾಯಿಗೆ ಹನಿ ನೀರು ಹಾಕದೆ ನನ್ನ ಜೊತೆ ಕೂತು ಹೂರಣ ರುಬ್ಬಿದರು. ತಮ್ಮ ಪಾಲಿನ ಎರಡು ಹೋಳಿಗೆಯನ್ನು ಸಂಜೆ ಖರ್ಜೂರ ತಿಂದಾದ ಮೇಲೆ ಮುರಿದುಕೊಂಡರು. ಅದೇ ತಿಂಗಳ 26ರಂದು ಲೋಕಸಭೆಗೆ ಮತದಾನವಿತ್ತು. ನಮ್ಮ ಮನೆಯ ಐವರ ಮತ ಒಂದೇ ಚಿಹ್ನೆಗೆ ಬಿದ್ದಿಲ್ಲವೆಂಬುದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಹಿಂದಿನ ರಾತ್ರಿ ಹನ್ನೊಂದರವರೆಗೆ ಅದಕ್ಕಾಗಿಯೇ ವಾದ ಮಾಡಿದ್ದೆವು.

ಹೊರಗಿನವರಿಗೆ ಇದು ಸೋಜಿಗವೆನಿಸುತ್ತದೆ. ನಮ್ಮ ಜಮಾತಿನಲ್ಲಿ, ಅಂದರೆ ಹಿಜ್ರಾ ಸಮುದಾಯದ ಕೂಟದಲ್ಲಿ, ಹಿಂದೂ ಮನೆಯಲ್ಲಿ ಹುಟ್ಟಿದ ಚೇಲಾಗೆ (ಶಿಷ್ಯೆಗೆ) ಮುಸ್ಲಿಂ ಗುರು, ಆಕೆಗೊಬ್ಬ ಕ್ರೈಸ್ತ ಗುರುಭಾಯಿ (ಅದೇ ಗುರುವಿನ ಇನ್ನೊಬ್ಬ ಶಿಷ್ಯೆ) ಇರುವುದು ಯಾರ ಹುಬ್ಬನ್ನೂ ಏರಿಸುವುದಿಲ್ಲ. ನನಗೆ ನಿರ್ವಾಣವಾದ, ಅಂದರೆ ಹೆಣ್ಣಾಗುವ ಶಸ್ತ್ರಚಿಕಿತ್ಸೆಯಾದ, ನಲವತ್ತನೆಯ ದಿನ ನಮ್ಮ ಸಮುದಾಯದ ದೇವಿಯಾದ ಮಾತೆಯ ಪೂಜೆಯನ್ನು ಮುಂದೆ ನಿಂತು ಮಾಡಿಸಿದವರು ಐದು ಹೊತ್ತು ನಮಾಜು ಮಾಡುವ ಈ ಅಮ್ಮನೇ. ಹಾಗೆಂದು ಜಮಾತನ್ನು ಸೌಹಾರ್ದದ ಚಿತ್ರಪಟವಾಗಿ ತೋರಿಸಲು ನನಗೆ ಮನಸ್ಸಿಲ್ಲ. ಅಲ್ಲಿ ದಂಡ ಹಾಕುವುದಿದೆ, ಹಿರಿಯರ ದಬ್ಬಾಳಿಕೆಯಿದೆ. ಆದರೆ ನಿನ್ನ ದೇವರನ್ನು ಹೊರಗೆ ಬಿಟ್ಟು ಒಳಗೆ ಬಾ ಎಂದು ನನಗೆ ಅಲ್ಲಿ ಯಾರೂ ಹೇಳಲಿಲ್ಲ.

ಆ ಮಾತನ್ನು ನಾನು ಕೇಳಿದ್ದು ನನ್ನ ಹಕ್ಕುಗಳ ಪರವಾಗಿ ಗಟ್ಟಿಯಾಗಿ ಮಾತನಾಡುವ ಗೆಳೆಯರಿಂದ. ಹುಣ್ಣಿಮೆಗೆ ಸವದತ್ತಿಗೆ ಹೊರಟಾಗ, "ಇಷ್ಟೆಲ್ಲ ಓದಿಯೂ ಈ ಮೌಢ್ಯ ಬಿಡಲಿಲ್ಲವೇ?" ಎಂದು ಒಬ್ಬರು ಕೇಳಿದರು. ಹುಡುಗಿಯರನ್ನು ದೇವಿಗೆ ಬಿಡುವ ಮುತ್ತು ಕಟ್ಟುವ ಪದ್ಧತಿ ಎಷ್ಟು ಹೆಣ್ಣುಮಕ್ಕಳ ಬಾಳನ್ನು ಹಾಳು ಮಾಡಿತು, 1982ರ ದೇವದಾಸಿ ನಿಷೇಧ ಕಾಯ್ದೆ ಯಾಕೆ ಬೇಕಾಯಿತು ಎಂಬುದನ್ನು ನಾನು ಬಲ್ಲೆ. ಆದರೆ ಊರು ಕಲ್ಲೆಸೆಯುತ್ತಿದ್ದ ಕಾಲದಲ್ಲಿ ಎಲ್ಲಮ್ಮನ ಸೇವೆಗೆ ನಿಂತ ನಮ್ಮಂಥ ಜೋಗಪ್ಪನಿಗೆ ಸೀರೆಯುಟ್ಟು, ಕೊಡ ಹೊತ್ತು ಬೀದಿಯಲ್ಲಿ ನಡೆಯುವ ಧೈರ್ಯವನ್ನು ಕೊಟ್ಟದ್ದು ಅವಳ ಹೆಸರು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡೇ ನಾನು ಗುಡ್ಡ ಹತ್ತುತ್ತೇನೆ.

ನನ್ನ ಬದುಕು ಯಾವ ಪಕ್ಷದ ಸ್ವತ್ತೂ ಅಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ನಮ್ಮ ಲಿಂಗತ್ವವನ್ನು ನಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಮರುವರ್ಷ ಡಿಎಂಕೆಯ ತಿರುಚಿ ಶಿವ ಅವರು ನಮ್ಮ ಹಕ್ಕುಗಳಿಗಾಗಿ ಮಂಡಿಸಿದ ಖಾಸಗಿ ಮಸೂದೆಯನ್ನು ರಾಜ್ಯಸಭೆ ಅಂಗೀಕರಿಸಿತು. ಕರ್ನಾಟಕದಲ್ಲಿ ಸರ್ಕಾರಿ ಹುದ್ದೆಗಳಲ್ಲಿ ನಮಗೆ ಶೇ. 1ರ ಮೀಸಲಾತಿ 2021ರಲ್ಲಿ ಬಿಜೆಪಿ ಸರ್ಕಾರವಿದ್ದಾಗ ಬಂತು. ಬಸ್ಸಿನಲ್ಲಿ ಉಚಿತ ಪ್ರಯಾಣ 2023ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರದಲ್ಲಿ. ಆದ್ದರಿಂದ ನಮ್ಮವಳೊಬ್ಬಳು ನಾನು ವಿರೋಧಿಸುವ ಪಕ್ಷಕ್ಕೆ ಮತ ಹಾಕಿದರೆ ಅವಳನ್ನು ದ್ರೋಹಿಯೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹಾಗೆಯೇ, ನಮ್ಮ ಹಕ್ಕುಗಳ ರಕ್ಷಣೆಗೆಂದು ಬಂದ 2019ರ ಕಾಯ್ದೆಯ ಕೆಲವು ಅಂಶಗಳನ್ನು ನಾನು ವಿರೋಧಿಸಿದರೆ ಅದು ಯಾರ ಧರ್ಮದ ಮೇಲಿನ ದಾಳಿಯೂ ಅಲ್ಲ. ನಮ್ಮ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಆ ಕಾಯ್ದೆ ನಿಗದಿಪಡಿಸಿದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಮಾತ್ರ. ಅಷ್ಟೇ ಏನು ನಮ್ಮ ದೇಹದ ಬೆಲೆ ಎಂದು ಕೇಳುವುದು ನನ್ನ ಹಕ್ಕು.

ಈ ಪ್ರಶ್ನೆಯಿಂದಲೇ ಕೊಪ್ಪಳದ ಹತ್ತಿರ ಇರುವ ನನ್ನ ಅಣ್ಣನಿಗೂ ನನಗೂ ಜಗಳ ಶುರುವಾದದ್ದು. ಅಣ್ಣ ಒಂದು ಪಕ್ಷದ ನಿಷ್ಠಾವಂತ ಕಾರ್ಯಕರ್ತ. ದೇವರು ಕೊಟ್ಟ ಕಾಯವನ್ನು ಕೊಯ್ದುಕೊಳ್ಳುವುದು ಪಾಪವೆಂಬ ಅವನ ನಂಬಿಕೆ ಇಂದಿಗೂ ಬದಲಾಗಿಲ್ಲ. ಸಿಟ್ಟಿನ ಭರದಲ್ಲಿ ನಾನು ಅವನ ಹೆಗಲಿನ ಶಾಲನ್ನೂ ಸೋಮವಾರದ ವ್ರತವನ್ನೂ ಹಂಗಿಸಿ ಸಾಮಾಜಿಕ ಜಾಲತಾಣದಲ್ಲಿ ಬರೆದಿದ್ದೆ. ನೂರಾರು ಜನ ಮೆಚ್ಚಿದ್ದರು. ಅದನ್ನು ಓದಿದ ಅವನ ಮಗಳು ಅತ್ತಳೆಂದು ತಿಳಿದಾಗ ಅಳಿಸಿಹಾಕಿದೆ. ನಾನು ಮಾಡಿದ್ದು ತಪ್ಪು. ಅನಂತರ ಫೋನಿನಲ್ಲಿ ನಾವಿಬ್ಬರೂ ಒಂದು ಕರಾರಿಗೆ ಬಂದೆವು: ನನ್ನ ಶಸ್ತ್ರಚಿಕಿತ್ಸೆಯ ಬಗ್ಗೆ ಅವನು ಏನನ್ನಾದರೂ ನಂಬಲಿ, ನನ್ನನ್ನು ನನ್ನ ಹೆಸರಿನಿಂದಲೇ ಕರೆಯಬೇಕು, ಅವನ ಪಕ್ಷವನ್ನು ನಾನು ಎಷ್ಟಾದರೂ ಟೀಕಿಸಬಹುದು, ಅವನ ಪೂಜೆಯನ್ನು ಹಂಗಿಸಬಾರದು. "ಆತು ಬಿಡು," ಅಂದ. ಸಿಟ್ಟು ಬಂದಾಗ ಹಳೆಯ ಹೆಸರು ಅವನ ಬಾಯಿಗೆ ಈಗಲೂ ಬರುತ್ತದೆ. ಅರ್ಧ ಗಂಟೆ ಬಿಟ್ಟು ಮಳೆಯ ಸುದ್ದಿ ಹೇಳುವ ನೆಪದಲ್ಲಿ ಮತ್ತೆ ಫೋನು ಮಾಡುತ್ತಾನೆ, ಆಗ ಸರಿಯಾದ ಹೆಸರೇ ಇರುತ್ತದೆ.

ಅಣ್ಣನ ನಂಬಿಕೆಗೆ ನಾನು ಕೊಡುವ ಈ ಜಾಗವನ್ನು, ಮುಂಗಡ ಪಡೆದ ಮೇಲೆ "ನಮ್ಮ ಧರ್ಮದಲ್ಲಿ ನಿಮ್ಮಂಥವರನ್ನು ಇಟ್ಟುಕೊಳ್ಳುವಂತಿಲ್ಲ" ಎಂದು ಬೀಗದ ಕೈ ಕಸಿದುಕೊಂಡ ಮನೆ ಮಾಲೀಕರಿಗೆ ನಾನು ಕೊಡಲಾರೆ. ನಾನು ಟೀಕಿಸುವ ಅದೇ 2019ರ ಕಾಯ್ದೆ ಬಾಡಿಗೆಯ ವಿಷಯದಲ್ಲಿ ತಾರತಮ್ಯ ಸಲ್ಲದೆಂದು ಹೇಳುತ್ತದೆ. ಇಂಥವರ ಮುಂದೆ ನಾನು ಸೌಜನ್ಯದಿಂದ ಮಾತನಾಡಬಲ್ಲೆ, ಆದರೆ ಇದು ಬರಿಯ ಅಭಿಪ್ರಾಯಭೇದವೆಂದು ಒಪ್ಪಿಕೊಳ್ಳಲಾರೆ.

ಅಣ್ಣ ಕೆಲಸದ ಮೇಲೆ ಬೆಂಗಳೂರಿಗೆ ಬಂದಾಗ ನಮ್ಮ ಮನೆಗೂ ಬರುತ್ತಾನೆ, ಅಮ್ಮನಿಗೆ ಕೈಮುಗಿಯುತ್ತಾನೆ, ಚಹಾ ಕುಡಿದು ಎದ್ದುಬಿಡುತ್ತಾನೆ. ಒಮ್ಮೆಯೂ ಊಟಕ್ಕೆ ಕೂತಿಲ್ಲ. ಮಾಂಸ ಬೇಯಿಸದ ಒಂದು ಹೊಸ ಪಾತ್ರೆಯನ್ನು ಅಮ್ಮ ಅವನಿಗೆಂದೇ ತಂದು, ಬಟ್ಟೆ ಸುತ್ತಿ ಮೇಲಿನ ಗೂಡಿನಲ್ಲಿ ಇಟ್ಟಿದ್ದಾರೆ.